ಪುಂಡಿ ನಾರು ಪ್ಲಾಸ್ಟಿಕ್ಕಿನ ಕೈ ಹಿಡಿದರೆ

ಕೊಳೆಯುವ ಪ್ಲಾಸ್ಟಿಕ್ಕಿಗೆ ಪುಂಡಿಯಂಥ ಗಿಡದ ನಾರು ಬೆರೆಸಿ ಗಟ್ಟಿ ಮಾಡುವ ಬಗ್ಗೆ ಕಲಬುರಗಿಯ ಕಾಲೇಜೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಂದು ಬಂದವರಲ್ಲಿ ಅರ್ಧ ಜನ ವಿದ್ಯಾರ್ಥಿಗಳು, ಇನ್ನರ್ಧ ಸುತ್ತಲಿನ ಹಳ್ಳಿಗಳ ರೈತರು. ನಡುನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ. ಸ್ಲೈಡುಗಳು ಇಲ್ಲ. ಅವತ್ತೂ ಕರೆಂಟ್ ಹೋಗಿ ಅರ್ಧ ಸ್ಲೈಡು ತೋರಿಸಲು ಆಗಿರಲಿಲ್ಲ, ಹಾಗಾಗಿ ನಷ್ಟ ಏನಿಲ್ಲ.

ಎಲ್ಲರಿಗೂ ನಮಸ್ಕಾರ. ಮೊದಲು ಇದನ್ನು ನೋಡಿ. ಇದು ಮೊಬೈಲ್ ಸ್ಟ್ಯಾಂಡ್. ಸ್ಟ್ಯಾಂಡ್ ಆಗಿತ್ತು ಅನ್ನಬೇಕು. ನಮ್ಮ ಹುಡುಗನೊಬ್ಬ ತ್ರೀಡಿ ಪ್ರಿಂಟರಿನಲ್ಲಿ ಚೆಂದವಾಗಿ ಮಾಡಿ, ಕಾರಿನ ಗಾಜಿನ ಹಿಂದೆ ಇಟ್ಟಿದ್ದ. ಮೇ ತಿಂಗಳು. ಊಟ ಮಾಡಿ ಬರುವಷ್ಟರಲ್ಲಿ ಹೀಗೆ ತಲೆ ತಗ್ಗಿಸಿ ಕೂತಿತ್ತು, ಹೋಮ್‌ವರ್ಕ್ ಮಾಡದೆ ಬಂದ ಹುಡುಗನ ಹಾಗೆ.

ಈ ಪ್ಲಾಸ್ಟಿಕ್ಕಿನ ಹೆಸರು ಪಿಎಲ್‌ಎ. ಮೆಕ್ಕೆಜೋಳದ ಪಿಷ್ಟದಿಂದಲೋ ಕಬ್ಬಿನ ಸಕ್ಕರೆಯಿಂದಲೋ ಮಾಡುತ್ತಾರೆ. ಸಕ್ಕರೆಯನ್ನು ಬ್ಯಾಕ್ಟೀರಿಯಾಕ್ಕೆ ತಿನ್ನಿಸಿದರೆ ಲ್ಯಾಕ್ಟಿಕ್ ಆಮ್ಲ ಬರುತ್ತದೆ. ಮೊಸರಿಗೆ ಹುಳಿ ಕೊಡುವುದೂ ಇದೇ ಆಮ್ಲ. ಅದರ ಅಣುಗಳನ್ನು ಸರದ ಹಾಗೆ ಪೋಣಿಸಿದರೆ ಪಿಎಲ್‌ಎ. ಕರಗಬೇಕಾದರೆ 150ರಿಂದ 180 ಡಿಗ್ರಿ ಬೇಕು. ಆದರೆ ಮೆತ್ತಗಾಗಲು ಅಷ್ಟು ದೂರ ಹೋಗಬೇಕಿಲ್ಲ. 60 ಡಿಗ್ರಿಯ ಹತ್ತಿರ ಬಂದರೆ ಸಾಕು, ಬೆನ್ನು ಬಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗೇ 42, 43 ಆಗುತ್ತದೆ. ಬಿಸಿಲಿಗೆ ನಿಲ್ಲಿಸಿ ಬಾಗಿಲು ಹಾಕಿದ ಕಾರಿನೊಳಗೆ 60 ದಾಟುವುದು ಏನೂ ದೊಡ್ಡ ಮಾತಲ್ಲ. ತಂಪು ದೇಶದಲ್ಲಿ ಹುಟ್ಟಿದ ಲೆಕ್ಕಾಚಾರವನ್ನು ಕಲಬುರಗಿಗೆ ತಂದರೆ ಹೀಗೇ ಆಗೋದು.

ಇದನ್ನು ಗಟ್ಟಿ ಮಾಡುವುದು ಹೇಗೆ ಅನ್ನುವುದೇ ಇವತ್ತಿನ ಮಾತು. ಅದಕ್ಕೆ ಮೊದಲು 'ಗಟ್ಟಿ' ಅಂದರೆ ಏನು ಅಂತ ಒಂದು ಜಗಳ ಮುಗಿಸಿಕೊಳ್ಳೋಣ.

ಖಡಕ್ ರೊಟ್ಟಿ ಗಟ್ಟಿಯೋ, ಮೆತ್ತನೆ ರೊಟ್ಟಿ ಗಟ್ಟಿಯೋ? ಖಡಕ್ ರೊಟ್ಟಿಯನ್ನು ಒಂದು ತುದಿ ಹಿಡಿದು ಎತ್ತಿದರೆ ಹಲಗೆಯ ಹಾಗೆ ನಿಲ್ಲುತ್ತದೆ, ಬಾಗುವುದಿಲ್ಲ. ಮಡಚಿದರೆ ಮಾತ್ರ ಚಟ್ ಅಂತ ಮುರಿಯುತ್ತದೆ. ಮೆತ್ತನೆ ರೊಟ್ಟಿ ಎತ್ತಿದರೆ ಜೋಲುತ್ತದೆ, ಆದರೆ ನಾಲ್ಕು ಮಡಿಕೆ ಮಾಡಿ ಬುತ್ತಿ ಕಟ್ಟಬಹುದು. ಬಾಗದಿರುವುದು ಒಂದು ಗುಣ. ಎಳೆದಾಗ ಹರಿಯದಿರುವುದು ಇನ್ನೊಂದು. ಬಿದ್ದಾಗ ಒಡೆಯದಿರುವುದು ಮತ್ತೊಂದು. ಅಂಗಡಿಯಲ್ಲಿ ಮೂರಕ್ಕೂ ನಾವು 'ಗಟ್ಟಿ ಐತೇನು' ಅಂತಲೇ ಕೇಳುತ್ತೇವೆ. ಲ್ಯಾಬಿನಲ್ಲಿ ಹಾಗೆ ಕೇಳಿದರೆ ಕೆಲಸ ಕೆಟ್ಟಿತು. ಪಿಎಲ್‌ಎ ನಮ್ಮ ಖಡಕ್ ರೊಟ್ಟಿ. ಎಳೆದರೆ ಸುಮಾರು 50, 60 ಮೆಗಾಪ್ಯಾಸ್ಕಲ್‌ವರೆಗೆ ತಡೆಯುತ್ತದೆ, ಮೆಗಾಪ್ಯಾಸ್ಕಲ್ ಅಂದರೆ ಎಳೆತ ಅಳೆಯುವ ಮಾನ, ಅದೇನು ಕಡಿಮೆಯಲ್ಲ. ಆದರೆ ಹರಿಯುವ ಮುಂಚೆ ತನ್ನ ಉದ್ದದ ನೂರಕ್ಕೆ ನಾಲ್ಕೈದು ಪಾಲು ಹಿಗ್ಗಿದರೆ ಹೆಚ್ಚು. ಪಿಬಿಎಟಿ ಅಂತ ಇನ್ನೊಂದಿದೆ, ಅದು ಮೆತ್ತನೆ ರೊಟ್ಟಿ. ತನ್ನ ಉದ್ದದ ಐದಾರು ಪಟ್ಟು ಹಿಗ್ಗುತ್ತದೆ, ಆದರೆ ನಿಲ್ಲು ಅಂದರೆ ನಿಲ್ಲುವುದಿಲ್ಲ. ಕೊಳೆಯುವ ಕ್ಯಾರಿಬ್ಯಾಗುಗಳಲ್ಲಿ ಹೆಚ್ಚಾಗಿ ಇರುವುದು ಇದೇ.

ತಮಾಷೆ ಅಂದರೆ ಪಿಬಿಎಟಿ ಹೆಚ್ಚಾಗಿ ಪೆಟ್ರೋಲಿಯಂನಿಂದ ಬಂದದ್ದು. ಆದರೂ ಕೊಳೆಯುತ್ತದೆ. ಕಬ್ಬಿನಿಂದ ಮಾಡಿದ ಪಾಲಿಥಿನ್ ಕೂಡ ಇದೆ, ಅದು ಕೊಳೆಯುವುದಿಲ್ಲ. ಎಲ್ಲಿಂದ ಬಂತು ಅನ್ನುವುದು ಬೇರೆ, ಎಲ್ಲಿಗೆ ಹೋಗುತ್ತದೆ ಅನ್ನುವುದು ಬೇರೆ. 'ಬಯೋ' ಅಂತ ಹಸಿರು ಎಲೆ ಚಿತ್ರ ಹಾಕಿದ ಕೂಡಲೇ ಎರಡನ್ನೂ ಒಂದೇ ಅಂದುಕೊಳ್ಳುತ್ತೇವೆ. ಬ್ಯಾಕ್ಟೀರಿಯಾ ತನ್ನ ಹೊಟ್ಟೆಯಲ್ಲೇ ಕೊಬ್ಬಿನ ಹಾಗೆ ಕೂಡಿಟ್ಟುಕೊಳ್ಳುವ ಪ್ಲಾಸ್ಟಿಕ್ ಕೂಡ ಇದೆ, ಪಿಎಚ್‌ಬಿ ಅಂತ. 1926ರಲ್ಲೇ ಫ್ರಾನ್ಸಿನ ಮೋರಿಸ್ ಲೆಮ್ವಾನ್ ಅದನ್ನು ಗುರುತಿಸಿದ್ದ. ನೂರು ವರ್ಷವಾಗುತ್ತಾ ಬಂದರೂ ಅದು ನಮ್ಮ ಅಂಗಡಿಗೆ ಬಂದಿಲ್ಲ. ಕಾರಣ ರೇಟು.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಸರ್, ಪಿಎಲ್‌ಎ ಮಣ್ಣಾಗ ಹಾಕಿದ್ರ ಎಷ್ಟ್ ದಿನಕ್ಕ ಕೊಳೀತದ?"

ಮಣ್ಣಿನಲ್ಲಿ ಹೂತರೆ ವರ್ಷಗಟ್ಟಲೆ ಹಾಗೇ ಇರಬಹುದು. ಅದಕ್ಕೆ ಬಿಸಿ ಬೇಕು. ದೊಡ್ಡ ಗೊಬ್ಬರದ ಘಟಕದಲ್ಲಿ 58 ಡಿಗ್ರಿ ಬಿಸಿ, ಹಸಿ, ಗಾಳಿ ಎಲ್ಲ ಕೊಟ್ಟರೆ ಕೆಲವು ತಿಂಗಳಲ್ಲಿ ಹೋಗುತ್ತದೆ. ನಮ್ಮ ದೇಶದಲ್ಲಿ 'ಕಾಂಪೋಸ್ಟೇಬಲ್' ಅಂತ ಮುದ್ರೆ ಹಾಕಬೇಕಾದರೆ ಐಎಸ್ 17088 ಪರೀಕ್ಷೆ ಪಾಸಾಗಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಆ ಪರೀಕ್ಷೆಯಲ್ಲಿ 180 ದಿನದೊಳಗೆ ಪ್ಲಾಸ್ಟಿಕ್ಕಿನ ಇಂಗಾಲದ ನೂರಕ್ಕೆ 90 ಪಾಲು ಗಾಳಿಗೆ ಸೇರಿರಬೇಕು. ಆದರೆ ಅದು ಗೊಬ್ಬರದ ಘಟಕದ ಪರೀಕ್ಷೆ. ನಮ್ಮ ಮನೆ ಹಿಂದಿನ ತಿಪ್ಪೆ ಅಷ್ಟು ಬಿಸಿಯನ್ನು ಅಷ್ಟು ದಿನ ಹಿಡಿದಿಟ್ಟುಕೊಳ್ಳುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಕಡೆಯಲ್ಲಿ ಬೇಕಾಗುತ್ತದೆ.

ಈಗ ನಾರಿಗೆ ಬರೋಣ.

ನಮ್ಮ ಮುತ್ಯಾ ಜೋಳದ ಹೊಲದ ಬದುವಿಗೆ ಪುಂಡಿ ಹಾಕುತ್ತಿದ್ದ. ಎಲೆ ಎಳೆಯದಾಗಿದ್ದಾಗ ಮನೆಗೆ ಪಲ್ಯ. ಗಿಡ ಬಲಿತ ಮೇಲೆ ಕೊಯ್ದು, ಕಟ್ಟು ಕಟ್ಟಿ, ಹಳ್ಳದ ನಿಂತ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರುತ್ತಿದ್ದ. ಎರಡು ಮೂರು ವಾರ ಆ ದಾರಿಯಲ್ಲಿ ಮೂಗು ಮುಚ್ಚಿಕೊಂಡೇ ಓಡಾಡಬೇಕು. ಆಮೇಲೆ ಸಿಪ್ಪೆ ಸುಲಿದರೆ ಉದ್ದುದ್ದ ನಾರು ಬರುತ್ತಿತ್ತು. ತೊಳೆದು, ಒಣಗಿಸಿ, ತೊಡೆಯ ಮೇಲೆ ಹೊಸೆದು ಹಗ್ಗ ಮಾಡುತ್ತಿದ್ದ. ಎತ್ತು ಕಟ್ಟುವ ಹಗ್ಗ, ಬಾವಿಯ ಹಗ್ಗ, ಎಲ್ಲ ಅದೇ. ಆಗ ನನಗೆ ಅದು ಬರೀ ನಾತ. ಈಗ ಗೊತ್ತು, ಆ ನೀರಿನಲ್ಲಿ ಬ್ಯಾಕ್ಟೀರಿಯಾಗಳು ನಾರನ್ನು ತೊಗಟೆಗೆ ಅಂಟಿಸಿದ ಪೆಕ್ಟಿನ್ ಅನ್ನು ತಿಂದು, ನಾರನ್ನು ಮಾತ್ರ ಬಿಟ್ಟುಕೊಡುತ್ತಿದ್ದವು. ಮುತ್ಯಾ ಕೂಲಿ ಕೊಡದೆ ಕೆಲಸ ಮಾಡಿಸಿಕೊಳ್ಳುತ್ತಿದ್ದ.

ಒಂದು ನಾರಿನ ಒಳಗೆ ಹೋದರೆ ಸೇಡಂ ಸಿಮೆಂಟಿನ ಸ್ಲ್ಯಾಬ್ ನೆನಪಾಗುತ್ತದೆ. ಸೆಲ್ಯುಲೋಸ್ ಎಂಬ ಎಳೆಗಳು ಕಬ್ಬಿಣದ ಸರಳಿನ ಹಾಗೆ ಉದ್ದಕ್ಕೆ ಹೋಗಿವೆ. ಲಿಗ್ನಿನ್ ಸಿಮೆಂಟಿನ ಹಾಗೆ ಸುತ್ತ ತುಂಬಿದೆ. ಹೆಮಿಸೆಲ್ಯುಲೋಸ್ ಇವೆರಡರ ನಡುವೆ ಕಟ್ಟುತಂತಿ. ಸೆಣಬು, ಪುಂಡಿ ಇಂಥ ತೊಗಟೆ ನಾರುಗಳು ಎಳೆದಾಗ ನೂರಾರು ಮೆಗಾಪ್ಯಾಸ್ಕಲ್ ತಡೆಯುತ್ತವೆ, ಅಂದರೆ ಪಿಎಲ್‌ಎಗಿಂತ ಎಷ್ಟೋ ಪಟ್ಟು. ಗಾಜಿನ ನಾರು ಇದಕ್ಕಿಂತಲೂ ಬಲ, ಅದನ್ನು ಸುಳ್ಳು ಹೇಳಬಾರದು. ಆದರೆ ಗಾಜಿನ ತೂಕ ನೀರಿನ ಎರಡೂವರೆ ಪಟ್ಟು, ಪುಂಡಿಯದು ಒಂದೂವರೆಯ ಒಳಗೆ. ಮತ್ತೆ ಗಾಜು ಕೊಳೆಯುವುದಿಲ್ಲ.

ಪುಂಡಿಯ ಬಗ್ಗೆ ನಗು ಬರುವ ಸಂಗತಿ ಒಂದಿದೆ. 2003ರಲ್ಲಿ ಟೊಯೊಟಾದವರು ಜಪಾನಿನಲ್ಲಿ ರಾಮ್ ಅನ್ನುವ ಕಾರಿನ ಸ್ಟೆಪ್ನಿ ಮುಚ್ಚಳವನ್ನು ಪಿಎಲ್‌ಎ ಮತ್ತು ಕೆನಾಫ್ ನಾರಿನಿಂದ ಮಾಡಿದರು. 2006ರಲ್ಲಿ ಅಲ್ಲಿಯೇ ಎನ್‌ಇಸಿ ಕಂಪನಿಯ ಒಂದು ಮೊಬೈಲಿನ ಕವಚಕ್ಕೂ ಇದೇ ಜೋಡಿ ಬಂತು. ಕೆನಾಫ್ ಅಂದರೆ ಯಾವುದೋ ಜಪಾನಿ ಪವಾಡ ಅಂದುಕೊಂಡಿದ್ದೆ. ಚಿತ್ರ ನೋಡಿದರೆ ನಮ್ಮ ಪುಂಡಿ! ನಾವು ರೊಟ್ಟಿ ಜೊತೆ ತಿಂದು ಮುಗಿಸಿದ್ದನ್ನು ಅವರು ಕಿಸೆಯಲ್ಲಿ ಇಟ್ಟುಕೊಂಡು ಓಡಾಡಿದರು.

ಪ್ಲಾಸ್ಟಿಕ್ಕಿಗೆ ಗಿಡದ ಪುಡಿ ಬೆರೆಸುವುದು ಹೊಸದೂ ಅಲ್ಲ. ನಿಮ್ಮ ಹಳೇ ಮನೆಯ ಕರಿ ಸ್ವಿಚ್ಚು ನೆನಪಿದೆಯಲ್ವಾ, ಟಕ್ ಅಂತ ಸದ್ದು ಮಾಡುವಂಥದ್ದು? ಅದು ಬೇಕಲೈಟ್. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಮಾಡಿದ್ದು. ಅಚ್ಚಿಗೆ ಹಾಕುವ ಬೇಕಲೈಟ್‌ನಲ್ಲಿ ಕಟ್ಟಿಗೆಯ ಹಿಟ್ಟು ಧಾರಾಳವಾಗಿ ಇರುತ್ತಿತ್ತು, ಅದಿಲ್ಲದಿದ್ದರೆ ಒಡೆದು ಹೋಗುತ್ತಿತ್ತು. ಪೂರ್ವ ಜರ್ಮನಿಯ ಟ್ರಬಾಂಟ್ ಕಾರಿನ ಮೈಯನ್ನಂತೂ ಹತ್ತಿಯ ನಾರಿಗೆ ಇಂಥದೇ ಪ್ಲಾಸ್ಟಿಕ್ ಕುಡಿಸಿ ಮಾಡುತ್ತಿದ್ದರು, 1957ರಿಂದ 1991ರವರೆಗೆ. ಯಾದಗಿರಿ ಕಡೆಯ ಹತ್ತಿ ಬೆಳೆಗಾರರು ಇಲ್ಲಿದ್ದರೆ ಖುಷಿಪಡಬಹುದು. ಆದರೆ ಆ ಕಾರು ಕೊಳೆಯಲಿಲ್ಲ. ಗುಜರಿಗೆ ಬಂದಾಗ ಅದರ ಮೈಯನ್ನು ಏನು ಮಾಡಬೇಕು ಅನ್ನುವುದೇ ತಲೆನೋವಾಯಿತು. ಕೊಳೆಯದ ಪ್ಲಾಸ್ಟಿಕ್ಕಿಗೆ ಎಷ್ಟು ನಾರು ಹಾಕಿದರೂ ಪ್ಲಾಸ್ಟಿಕ್ ಕೊಳೆಯುವುದಿಲ್ಲ. ನಾರು ಕೊಳೆತು, ಸುತ್ತಲಿನ ಪ್ಲಾಸ್ಟಿಕ್ ಚೂರುಚೂರಾಗಿ ಉಳಿಯುತ್ತದೆ. 'ಕೃಷಿ ತ್ಯಾಜ್ಯದ ಪ್ಲೇಟು' ಅಂತ ಯಾರಾದರೂ ಮಾರಲು ಬಂದರೆ ತ್ಯಾಜ್ಯದ ಬಗ್ಗೆ ಕೇಳಬೇಡಿ, ಉಳಿದದ್ದು ಯಾವ ಪ್ಲಾಸ್ಟಿಕ್ ಅಂತ ಕೇಳಿ.

ಸರಿ, ನಾರು ಬಲವಾಗಿದೆ, ಪ್ಲಾಸ್ಟಿಕ್ ಕೊಳೆಯುತ್ತದೆ. ಎರಡನ್ನೂ ಕಲಸಿದರೆ ಮುಗಿಯಿತಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ಸಲ ಮಾಡಿದಾಗ ನಡೆದದ್ದು ಹೇಳುತ್ತೇನೆ. ಪುಂಡಿ ನಾರನ್ನು ಸಣ್ಣಗೆ ಕತ್ತರಿಸಿ, ಪಿಎಲ್‌ಎ ಕಾಳಿನ ಜೊತೆ ಎಕ್ಸ್‌ಟ್ರೂಡರಿಗೆ ಹಾಕಿದೆವು. ಎಕ್ಸ್‌ಟ್ರೂಡರ್ ಅಂದರೆ ಚಕ್ಕುಲಿ ಒರಳಿನ ಅಣ್ಣ. ಒಳಗೆ ಸ್ಕ್ರೂ ತಿರುಗುತ್ತದೆ, ಸುತ್ತಲೂ ಬಿಸಿ, ಆ ಕಡೆಯಿಂದ ದಾರದ ಹಾಗೆ ಹೊರಗೆ ಬರುತ್ತದೆ. ಬಂತು. ಆದರೆ ಬುಸುಬುಸು ಅನ್ನುತ್ತಾ, ಮೈತುಂಬ ಗುಳ್ಳೆ ಎಬ್ಬಿಸಿಕೊಂಡು ಬಂತು. ಕೋಣೆಯಲ್ಲಿ ಹಂಚಿನ ಮೇಲೆ ಮರೆತ ರೊಟ್ಟಿಯ ವಾಸನೆ. ಬಣ್ಣ ಬೆಲ್ಲದ ಪಾಕ. ಕೈಯಲ್ಲಿ ಹಿಡಿದು ಬಾಗಿಸಿದರೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಗಟ್ಟಿ ಮಾಡಲು ಹೋಗಿ, ಇದ್ದದ್ದನ್ನೂ ಕಳೆದುಕೊಂಡಿದ್ದೆವು.

ತಪ್ಪು ಎರಡು. ಒಂದು ನೀರು. ಒಣಗಿದೆ ಅಂತ ನಾವು ಹೇಳುವ 100 ಗ್ರಾಂ ನಾರಿನಲ್ಲಿ 8ರಿಂದ 12 ಗ್ರಾಂ ನೀರು ಇರುತ್ತದೆ, ಗಾಳಿಯಿಂದ ಹೀರಿಕೊಂಡದ್ದು. ಪಿಎಲ್‌ಎಗೋ ಬಿಸಿಯಲ್ಲಿ ನೀರು ಕಂಡರೆ ಆಗದು. ಕರಗಿಸುವ ಮುಂಚೆ ಅದರಲ್ಲಿ ತೂಕದ ನೂರಕ್ಕೆ 0.025ಕ್ಕಿಂತ ಕಡಿಮೆ ನೀರಿರಬೇಕು ಅನ್ನುತ್ತಾರೆ. ಜಾಸ್ತಿ ಇದ್ದರೆ ನೀರು ಆ ಉದ್ದನೆಯ ಸರಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಸರ ಗಿಡ್ಡವಾದರೆ ಬಲ ಹೋಯಿತು. ಇನ್ನೊಂದು ಬಿಸಿ. 200 ಡಿಗ್ರಿ ದಾಟಿದರೆ ನಾರು ಹೊತ್ತಲು ಶುರು. ನಮಗೆ ಸಿಗುವ ಸಂದು ತುಂಬ ಚಿಕ್ಕದು, 170ರಿಂದ 190ರ ಒಳಗೆ ಎಲ್ಲ ಮುಗಿಯಬೇಕು. ಅವತ್ತು ನಾವು ನಾರನ್ನು ಬಿಸಿಲಿಗೆ ಹರವಿ 'ಒಣಗಿದೆ ಬಿಡು' ಅಂದಿದ್ದೆವು. ಹಪ್ಪಳಕ್ಕೆ ಆ ಲೆಕ್ಕ ಸರಿ. ಈಗ ಹಿಂದಿನ ರಾತ್ರಿಯೇ ಓವನ್ನಿನಲ್ಲಿ 80 ಡಿಗ್ರಿಗೆ ಇಟ್ಟು, ಬೆಳಿಗ್ಗೆ ಬಿಸಿಬಿಸಿ ಇರುವಾಗಲೇ ಹಾಕುತ್ತೇವೆ.

ಗುಳ್ಳೆ ನಿಂತಿತು. ಪಟ್ಟಿ ನೋಡಲು ಚೆಂದ ಬಂತು. ಎಳೆಯುವ ಯಂತ್ರಕ್ಕೆ ಕೊಟ್ಟೆವು. ಬರೀ ಪಿಎಲ್‌ಎ ಎಷ್ಟು ತಡೆಯಿತೋ, ಇದು ಅದಕ್ಕಿಂತ ಸ್ವಲ್ಪ ಕಡಿಮೆಯೇ ತಡೆಯಿತು! ಅಷ್ಟು ಬಲದ ನಾರು ಒಳಗಿದ್ದೂ ಏನು ಉಪಯೋಗ?

ಮುರಿದ ತುದಿಯನ್ನು ಮಸೂರದಲ್ಲಿ ನೋಡಿದಾಗ ಉತ್ತರ ಸಿಕ್ಕಿತು. ಈ ಎರಡು ತುಂಡನ್ನು ಮುಂದಿನ ಸಾಲಿಗೆ ಕೊಡುತ್ತಿದ್ದೇನೆ, ಮಸೂರವೂ ಇದೆ, ಒಬ್ಬರಿಂದ ಒಬ್ಬರಿಗೆ ದಾಟಿಸಿ. ಮೊದಲನೆಯದರಲ್ಲಿ ಮುರಿದ ಜಾಗದಿಂದ ನಾರುಗಳು ಗಡ್ಡದ ಕೂದಲಿನ ಹಾಗೆ ಹೊರಗೆ ಚಾಚಿವೆ. ಅವುಗಳ ಮೈ ನುಣ್ಣಗಿದೆ, ಒಂದು ಚೂರೂ ಪ್ಲಾಸ್ಟಿಕ್ ಅಂಟಿಲ್ಲ. ಅದೇ ಪಟ್ಟಿಯ ಮುರಿದ ಇನ್ನೊಂದು ಅರ್ಧದಲ್ಲಿ ಅವು ಕಿತ್ತು ಬಂದ ತೂತುಗಳಿದ್ದವು. ಅಂದರೆ ನಾರು ಹರಿಯಲೇ ಇಲ್ಲ, ಸುಮ್ನೆ ಜಾರಿ ಬಂತು. ಅದಕ್ಕೆ ಬಲ ತೋರಿಸುವ ಅವಕಾಶವೇ ಸಿಗಲಿಲ್ಲ.

ರೈತರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಮಳೆ ಬಿದ್ದು ಎರೆ ಹೊಲ ಹಸಿ ಇದ್ದಾಗ ತೊಗರಿ ಗಿಡ ಜಗ್ಗಿದರೆ ಬೇರು ಸಮೇತ ಬರುತ್ತದೆ. ಅದೇ ಮಾಗಿಯಲ್ಲಿ ನೆಲ ಒಣಗಿ ಬಿಗಿದಾಗ ಜಗ್ಗಿ ನೋಡಿ. ಕೈ ಉರಿಯುತ್ತದೆ, ಕಾಂಡ ಮುರಿಯುತ್ತದೆ, ಬೇರು ಅಲ್ಲೇ ಉಳಿಯುತ್ತದೆ. ಗಿಡ ಅದೇ, ಬೇರು ಅದೇ. ಬದಲಾದದ್ದು ಮಣ್ಣಿನ ಹಿಡಿತ. ನಮಗೆ ಬೇಕಾದದ್ದು ಮಾಗಿಯ ಹಿಡಿತ. ನಾರು ಮುರಿಯಬೇಕು, ಜಾರಬಾರದು. ನಾರು ಹಾಕಿ ಪ್ಲಾಸ್ಟಿಕ್ ಗಟ್ಟಿ ಮಾಡುವ ಇಡೀ ಶಾಸ್ತ್ರದಲ್ಲಿ ನನ್ನ ಪ್ರಕಾರ ಮುಕ್ಕಾಲು ಪಾಲು ಇದೇ. ಯಾವ ನಾರು, ಎಷ್ಟು ನಾರು ಅನ್ನುವುದೆಲ್ಲ ಆಮೇಲಿನ ಮಾತು.

ಹಿಡಿತ ಯಾಕೆ ಇರಲಿಲ್ಲ? ಸೆಲ್ಯುಲೋಸಿಗೆ ನೀರೆಂದರೆ ಪ್ರಾಣ. ಅದರ ಮೈತುಂಬ ನೀರನ್ನು ಹಿಡಿಯುವ ಹೈಡ್ರಾಕ್ಸಿಲ್ ಕೈಗಳು. ಪಿಎಲ್‌ಎಗೆ ಅಷ್ಟು ನೀರಿನ ನಂಟಿಲ್ಲ. ಮೇಲೆ ನಾರಿನ ಹೊರಮೈಗೆ ಗಿಡವೇ ಮೇಣ ಬಳಿದಿರುತ್ತದೆ. ಎಣ್ಣೆ ಕೈಯಲ್ಲಿ ತಂಬಿಗೆ ಹಿಡಿದ ಹಾಗೆ.

ಎಣ್ಣೆ ಕೈಗೆ ಏನು ಮಾಡುತ್ತೇವೆ? ತೊಳೆಯುತ್ತೇವೆ. ಇಲ್ಲಿಯೂ ಅದೇ. ನೂರಕ್ಕೆ 5ರಷ್ಟು ಕಾಸ್ಟಿಕ್ ಸೋಡಾ ಹಾಕಿದ ನೀರಿನಲ್ಲಿ ನಾರನ್ನು ಕೆಲವು ತಾಸು ನೆನೆಸುವುದು. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಮೇಣ, ಹೆಮಿಸೆಲ್ಯುಲೋಸ್, ಒಂದಿಷ್ಟು ಲಿಗ್ನಿನ್ ಬಿಟ್ಟುಕೊಳ್ಳುತ್ತವೆ. ದಪ್ಪ ನಾರು ಸೀಳಿ ತೆಳು ಎಳೆಗಳಾಗುತ್ತದೆ, ಮೈ ಒರಟಾಗುತ್ತದೆ. ಒರಟು ಮೈಗೆ ಕರಗಿದ ಪ್ಲಾಸ್ಟಿಕ್ ಹೋಗಿ ಕಚ್ಚಿಕೊಳ್ಳುತ್ತದೆ. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಹತ್ತಿ ಬಟ್ಟೆಗೆ ಕಾಸ್ಟಿಕ್ ಹಾಕಿ ನೋಡಿದ್ದ. ನೂಲು ಉಬ್ಬಿ, ಬಣ್ಣ ಚೆನ್ನಾಗಿ ಹಿಡಿಯಿತು. 1850ರಲ್ಲಿ ಪೇಟೆಂಟ್ ತೆಗೆದುಕೊಂಡ. ಬಟ್ಟೆ ಅಂಗಡಿಯಲ್ಲಿ 'ಮರ್ಸರೈಸ್ಡ್' ಅನ್ನುತ್ತಾರಲ್ಲ, ಅದು ಇವನ ಹೆಸರು.

ಜಾಸ್ತಿ ತೊಳೆದರೂ ಕಷ್ಟ. ಒಂದು ಸಲ ಶನಿವಾರ ನೆನೆಹಾಕಿ, ಮರೆತು, ಸೋಮವಾರ ತೆಗೆದೆವು. ನಾರು ನೆಂದ ಹತ್ತಿಯ ಹಾಗೆ ಕೈಯಲ್ಲಿ ಬಂತು. ಸಿಮೆಂಟ್ ತೊಳೆಯಲು ಹೋಗಿ ಸರಳನ್ನೇ ಸವೆಸಿದ್ದೆವು. ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: ಕಾಸ್ಟಿಕ್ ಚರ್ಮ ಸುಡುತ್ತದೆ, ಗ್ಲೌಸು ಕನ್ನಡಕ ಇಲ್ಲದೆ ಮುಟ್ಟಬೇಡಿ. ಆ ಚಹಾ ಬಣ್ಣದ ನೀರನ್ನು ಆಮ್ಲ ಹಾಕಿ ತಟಸ್ಥ ಮಾಡದೆ ಚರಂಡಿಗೆ ಬಿಡಬೇಡಿ. ಪರಿಸರ ಉಳಿಸುವ ಪ್ಲಾಸ್ಟಿಕ್ ಮಾಡಿ ಹಳ್ಳ ಕೆಡಿಸಿದರೆ ಏನು ಬಂತು?

ತೊಳೆಯುವುದರ ಜೊತೆಗೆ ನಡುವೆ ಮಧ್ಯಸ್ಥರನ್ನು ಬಿಡುವ ದಾರಿಯೂ ಇದೆ. ಸಿಲೇನ್, ಮೆಲಿಕ್ ಆನ್‌ಹೈಡ್ರೈಡ್ ಇಂಥವು. ಒಂದು ಕೈ ನಾರಿಗೆ, ಇನ್ನೊಂದು ಕೈ ಪ್ಲಾಸ್ಟಿಕ್ಕಿಗೆ ಕೊಡುತ್ತವೆ. ಮದುವೆ ದಲ್ಲಾಳಿಗಳ ಹಾಗೆ ದುಬಾರಿ, ಆದರೆ ಕೆಲಸ ಮಾಡುತ್ತವೆ.

ಎರಡನೇ ತುಂಡನ್ನು ನೋಡಿ. ತೊಳೆದ ನಾರಿನದು. ಮುರಿದ ಮುಖ ಚಪ್ಪಟೆಯಾಗಿದೆ, ನಾರುಗಳು ಅಲ್ಲಲ್ಲೇ ತುಂಡಾಗಿವೆ. ಇದು ಬರೀ ಪಿಎಲ್‌ಎಗಿಂತ ಜಾಸ್ತಿ ತಡೆಯಿತು.

ದಾಲ್ ಮಿಲ್ ಇಟ್ಟುಕೊಂಡ ಒಬ್ಬರು ಇಲ್ಲಿ ಎದ್ದು ನಿಂತರು. "ನಮ್ಮಲ್ಲಿ ತೊಗರಿ ಹೊಟ್ಟು ರಾಶಿ ಬೀಳ್ತದ್ರಿ. ಅದನ್ನ ಹಾಕಿದ್ರ ಹ್ಯಾಂಗ?"

ಒಳ್ಳೆಯ ಪ್ರಶ್ನೆ, ಯಾಕೆಂದರೆ ನಾರು ಬೇರೆ, ಪುಡಿ ಬೇರೆ. ಹಗ್ಗ ಜಗ್ಗಲು ಎರಡೂ ಕೈ ತುಂಬ ಹಿಡಿಯುವಷ್ಟು ಹಗ್ಗ ಬೇಕಲ್ಲ? ಗೇಣುದ್ದ ಹಗ್ಗ ಕೊಟ್ಟರೆ ಎಷ್ಟು ಬಲ ಹಾಕಿದರೂ ಜಾರುತ್ತದೆ. ನಾರೂ ಹಾಗೆ. ದಪ್ಪಕ್ಕೆ ತಕ್ಕ ಉದ್ದ ಇದ್ದರೆ ಮಾತ್ರ ಅದು ಭಾರ ಹೊರುತ್ತದೆ. ಪುಡಿ ಭಾರ ಹೊರುವುದಿಲ್ಲ, ಜಾಗ ತುಂಬುತ್ತದೆ. ಪ್ಲಾಸ್ಟಿಕ್ ಸ್ವಲ್ಪ ಬಿಗಿಯಾಗುತ್ತದೆ, ಬಿಸಿಗೆ ಬಾಗುವುದು ಕಡಿಮೆಯಾಗುತ್ತದೆ, ರೇಟು ಇಳಿಯುತ್ತದೆ. ಆದರೆ ಎಳೆದಾಗ ಮುಂಚೆಗಿಂತ ಬೇಗ ಹರಿಯಬಹುದು. ಎಲ್ಲದಕ್ಕೂ ಬಲವೇ ಬೇಕು ಅಂತಿಲ್ಲ, ಪುಡಿಗೂ ಕೆಲಸ ಇದೆ. ಆದರೆ ನಿಮ್ಮ ಹೊಟ್ಟನ್ನು ಎಮ್ಮೆ ತಿನ್ನುತ್ತದೆ, ಹಾಲು ಕೊಡುತ್ತದೆ. ಅದರ ಬಾಯಿಂದ ಕಿತ್ತು ಪ್ಲಾಸ್ಟಿಕ್ಕಿಗೆ ಹಾಕುವ ಅಗತ್ಯ ನನಗೆ ಕಾಣಲಿಲ್ಲ. ತೊಗರಿ ಕಟಗಿ, ಅಂದರೆ ಒಣಗಿದ ಕಾಂಡ, ಬೇರೆ ಮಾತು, ಅದನ್ನು ಬೀಸಿದರೆ ಒಳ್ಳೆಯ ಪುಡಿ ಬರುತ್ತದೆ. 2019ರಲ್ಲಿ ನಮ್ಮ ತೊಗರಿಗೆ ಜಿಐ ಟ್ಯಾಗ್ ಬಂತು, ಕಟಗಿಯನ್ನು ಯಾರೂ ಕೇಳಲಿಲ್ಲ.

ಬೀದರಿನ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯಲ್ಲಿ ನಾರಿದೆ, ಆದರೆ ಅದು ಆಗಲೇ ಬಾಯ್ಲರಿಗೆ ಹೋಗುತ್ತಿದೆ. ಶಹಾಪುರ, ಸುರಪುರದ ಭತ್ತದ ಹೊಟ್ಟು ಬೇಕಾದಷ್ಟಿದೆ. ಅದರಲ್ಲಿ ಮರಳಿನ ಜಾತಿಯ ಸಿಲಿಕಾ ತುಂಬಿರುವುದರಿಂದ ಯಂತ್ರದ ಸ್ಕ್ರೂ ಸವೆಯುತ್ತದೆ.

ಎಷ್ಟು ಹಾಕಬಹುದು? ತೂಕದಲ್ಲಿ ನೂರಕ್ಕೆ 20, 30 ಸಾಮಾನ್ಯ. 40 ದಾಟಿದರೆ ಕರಗಿದ ಪ್ಲಾಸ್ಟಿಕ್ ಮುಂದಕ್ಕೆ ಹರಿಯುವುದಿಲ್ಲ, ನಾರುಗಳು ಒಂದಕ್ಕೊಂದು ಗಂಟು ಬೀಳುತ್ತವೆ, ಎಷ್ಟೋ ನಾರಿಗೆ ಪ್ಲಾಸ್ಟಿಕ್ ತಾಗುವುದೇ ಇಲ್ಲ. ಹಿಟ್ಟಿಗೆ ನೀರು ಕಡಿಮೆಯಾದ ರೊಟ್ಟಿ ಅಂಚಿನಲ್ಲಿ ಸೀಳುತ್ತದಲ್ಲ, ಹಾಗೆ. ಮತ್ತೆ ನಾರು ಜಾಸ್ತಿಯಾದಷ್ಟೂ ಖಡಕ್ ರೊಟ್ಟಿ ಇನ್ನೂ ಖಡಕ್ ಆಗುತ್ತದೆ, ಹಿಗ್ಗುವ ಗುಣ ಇನ್ನೂ ಇಳಿಯುತ್ತದೆ. ಅದಕ್ಕೇ ಒಂದಿಷ್ಟು ಪಿಬಿಎಟಿ ಬೆರೆಸುವುದು.

ಚಹಾ ಬಂತು, ಒಳ್ಳೆಯದಾಯಿತು. ಈ ಎರಡು ಪಟ್ಟಿಗಳನ್ನು ಚಹಾದ ಗ್ಲಾಸಿನಲ್ಲಿ ನಿಲ್ಲಿಸುತ್ತೇನೆ. ಬಿಳಿಯದು ಬರೀ ಪಿಎಲ್‌ಎ, ಕಂದು ಬಣ್ಣದ್ದು ಪುಂಡಿ ಹಾಕಿದ್ದು. ಮೇಲಿನ ತುದಿಗೆ ಒಂದೊಂದು ಕ್ಲಿಪ್ ಸಿಕ್ಕಿಸಿದ್ದೇನೆ, ಭಾರಕ್ಕೆ. ನೋಡಿ... ಬಿಳಿಯದು ಆಗಲೇ ವಾಲಿತು. ಕಂದು ಪಟ್ಟಿ? ಅದೂ ವಾಲುತ್ತಿದೆ, ಸ್ವಲ್ಪ. ಹೌದು, ನಾನು ಜಾದೂ ಮಾಡುತ್ತೇನೆ ಅಂದಿರಲಿಲ್ಲ. ಪ್ಲಾಸ್ಟಿಕ್ ಮೆತ್ತಗಾದರೂ ಒಳಗಿನ ನಾರು ಮೆತ್ತಗಾಗುವುದಿಲ್ಲ, ಅದು ಹಿಡಿದು ನಿಲ್ಲಿಸಲು ನೋಡುತ್ತದೆ. ಪಿಎಲ್‌ಎಯನ್ನು ಬಿಸಿಯಲ್ಲಿ ಇನ್ನಷ್ಟು ಹೊತ್ತು ಇಟ್ಟು ಹರಳುಗಟ್ಟಿಸಿದರೆ ಇನ್ನೂ ಚೆನ್ನಾಗಿ ನಿಲ್ಲುತ್ತದೆ. ಹರಳು ಕಟ್ಟಲು ನಾರಿನ ಮೈಯೇ ಆಸರೆಯಾಗುತ್ತದೆ, ಕಲ್ಲುಸಕ್ಕರೆಯ ದಾರದ ಹಾಗೆ.

ನಡುವಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅವ್ವ, ಆಳಂದ ಕಡೆಯವರು, ಅಲ್ಲಿಯವರೆಗೆ ಸುಮ್ಮನಿದ್ದವರು, ಕೇಳಿದರು: "ಯಪ್ಪಾ, ಕಟಗಿ ಪುಡಿ ಮಾಡಿ ಪ್ಲಾಸ್ಟಿಕ್ಕಿಗೆ ಹಾಕಾದಕ್ಕಿಂತ ಹೊಲಕ್ಕ ಹಾಕಾದು ಛಲೋ ಅಲ್ಲೇನು?"

ಛಲೋ ಅವ್ವಾ, ಖಂಡಿತ ಛಲೋ. ನೀವು ಹೊಲಕ್ಕೆ ಮರಳಿಸುತ್ತಿದ್ದರೆ, ಇಲ್ಲವೇ ಒಲೆಗೆ ಬಳಸುತ್ತಿದ್ದರೆ, ನನಗೆ ಕೊಡಬೇಡಿ. ಹೊಲದಲ್ಲೇ ಬೆಂಕಿ ಹಚ್ಚುತ್ತಾರಲ್ಲ, ಅದರ ಮೇಲೆ ನನ್ನ ಕಣ್ಣು.

ಅವರ ಪಕ್ಕದಲ್ಲಿದ್ದ ರುಮಾಲಿನ ಹಿರಿಯರು ನೇರವಾಗಿ ವ್ಯವಹಾರಕ್ಕೆ ಬಂದರು. "ರೇಟ್ ಎಷ್ಟ್ ಬರ್ತದ ಹೇಳ್ರಿ."

ಸುಳ್ಳು ಆಸೆ ಹುಟ್ಟಿಸುವುದಿಲ್ಲ ಮುತ್ಯಾ. ಕಟಗಿ ಹಗುರ, ಜಾಗ ಮಾತ್ರ ಬಹಳ. ಟ್ರ್ಯಾಕ್ಟರ್ ತುಂಬ ಹೇರಿದರೂ ತೂಕ ಕಡಿಮೆ. ದೂರ ಸಾಗಿಸಿದರೆ ಬಾಡಿಗೆಯೇ ತಿಂದು ಹಾಕುತ್ತದೆ. ಊರಲ್ಲೇ ಬೀಸುವ ಯಂತ್ರ ಇದ್ದರೆ ಅಷ್ಟಿಷ್ಟು ಲೆಕ್ಕ ಕೂಡಬಹುದು. ಪುಂಡಿ ನಾರಿಗೆ ಬೆಲೆ ಜಾಸ್ತಿ, ಆದರೆ ಹಳ್ಳದಲ್ಲಿ ನೆನೆಸಿ ಸುಲಿಯುವವರು ಈಗ ಎಲ್ಲಿದ್ದಾರೆ? ಹಳ್ಳದಲ್ಲಿ ನೀರೇ ಎಲ್ಲಿದೆ?

ಹಾಗಾದರೆ ಇದೆಲ್ಲ ಯಾಕೆ ಮಾಡಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದಿದ್ದರೆ ಜಗಳ ಆಡಿ. ಕೊಳೆಯುವ ಪ್ಲಾಸ್ಟಿಕ್ಕಿನಲ್ಲಿ ಕುರ್ಚಿ, ಬಕೆಟ್ಟು, ಕಾರಿನ ಬಾಗಿಲು ಮಾಡುವ ಹುಚ್ಚು ನನಗಿಲ್ಲ. ಹತ್ತು ವರ್ಷ ಬಾಳಬೇಕಾದ ವಸ್ತು ಕೊಳೆಯುವ ಗುಣವನ್ನು ಯಾಕೆ ಹೊತ್ತು ತಿರುಗಬೇಕು? ನಾರು ನೀರು ಕುಡಿಯುತ್ತದೆ, ಉಬ್ಬುತ್ತದೆ, ಹಿಡಿತ ಸಡಿಲಾಗುತ್ತದೆ, ಆ ಸಂದಿಯಲ್ಲಿ ಬೂಸ್ಟು ನುಗ್ಗುತ್ತದೆ. ಬಕೆಟ್ಟಿಗೆ ಅದು ರೋಗ. ಆದರೆ ನಲವತ್ತು ದಿನ ಮಾತ್ರ ಗಟ್ಟಿ ಇದ್ದು, ಆಮೇಲೆ ಹಾಳಾಗಿ ಹೋಗಬೇಕಾದ ವಸ್ತುವಿಗೆ ಅದೇ ಔಷಧ.

ಅಂಥ ವಸ್ತು ನಿಮ್ಮ ಹೊಲದಲ್ಲೇ ಇದೆ. ಬೀದರ, ಕಲಬುರಗಿ ಕಡೆ ನಾಟಿ ತೊಗರಿ ಮಾಡುವವರು ಮಳೆಗೆ ಮುಂಚೆಯೇ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಸಸಿ ಬೆಳೆಸುತ್ತೀರಿ. ಮಳೆ ಬಿದ್ದ ಮೇಲೆ ಚೀಲ ಹರಿದು ಸಸಿ ನೆಡುತ್ತೀರಿ. ಎಕರೆಗೆ ಸಾವಿರಾರು ಚೀಲ. ಹರಿದ ಚೀಲ ಎಲ್ಲಿಗೆ ಹೋಗುತ್ತದೆ? ಬದುವಿಗೆ, ಹಳ್ಳಕ್ಕೆ, ಕೆಲವು ಎಮ್ಮೆಯ ಹೊಟ್ಟೆಗೆ. ಅದರ ಬದಲು ಈ ಬಟ್ಟಲಿನಂಥ ಕಪ್ಪು ನೋಡಿ. ಪಿಬಿಎಟಿ, ಪಿಷ್ಟ, ತೊಗರಿ ಕಟಗಿಯ ಪುಡಿ, ಕೈಬೆರಳೆಣಿಕೆಯಷ್ಟು ಪುಂಡಿ ನಾರು. ಪಿಎಲ್‌ಎ ಹಾಕಿಲ್ಲ, ಯಾಕೆ ಅಂತ ಆಗಲೇ ಹೇಳಿದೆ, ಹೊಲದ ಮಣ್ಣಿಗೆ 58 ಡಿಗ್ರಿ ಬಿಸಿ ಇರುವುದಿಲ್ಲ. ಪುಡಿ ಇದನ್ನು ನಿಲ್ಲಿಸಿದೆ, ನಾರು ಅಂಚು ಹರಿಯದ ಹಾಗೆ ಹಿಡಿದಿದೆ. ಕಪ್ಪು ಸಮೇತ ನೆಡುವುದು.

ಮನೆಯ ಮಾಳಿಗೆಯ ಮೇಲೆ ಇಂಥ ಹನ್ನೆರಡು ಕಪ್ಪಿನಲ್ಲಿ ತೊಗರಿ ಹಾಕಿ ನೋಡಿದೆ. ದಿನಾ ನೀರು. ಮೂರನೇ ವಾರಕ್ಕೆ ಎರಡರ ತಳ ಒಡೆದು ಬೇರು ಹೊರಗೆ ಇಣುಕಿತು, ಅದು ಸ್ವಲ್ಪ ಬೇಗವಾಯಿತು. ಉಳಿದವು ನಾಟಿಯವರೆಗೆ ನಿಂತವು. ಒಂದರ ಗೋಡೆ ಮುಟ್ಟಿದರೆ ನೆಂದ ರಟ್ಟಿನ ಹಾಗೆ ಮೆತ್ತಗಾಗಿತ್ತು, ಎತ್ತುವಾಗ ತಳಕ್ಕೆ ಕೈ ಕೊಡಬೇಕಾಯಿತು. ಅದನ್ನು ಸರಿ ಮಾಡುವ ಕೆಲಸ ಇನ್ನೂ ಬಾಕಿ ಇದೆ. ನಾರು ಇನ್ನೊಂದಿಷ್ಟು ಹೊತ್ತು ತೊಳೆಯಬೇಕೋ, ಪುಡಿ ಕಡಿಮೆ ಮಾಡಬೇಕೋ ಅಂತ ಹುಡುಗರು ವಾದ ಮಾಡುತ್ತಿದ್ದಾರೆ.

ರುಮಾಲಿನ ಮುತ್ಯಾ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಚನ್ನು ಉಗುರಿನಿಂದ ಕೆರೆದು, ಮೂಸಿ ನೋಡಿದರು. "ಇದು ಒಂದಕ್ಕ ಎಷ್ಟ್ ಬೀಳ್ತದ?"

ಈಗಿನ ಲೆಕ್ಕದಲ್ಲಿ ನಿಮ್ಮ ಪ್ಲಾಸ್ಟಿಕ್ ಚೀಲದ ಹಲವು ಪಟ್ಟು, ಅಂದೆ.

"ಹಂಗಾರ ಮೊದಲ್ ಅದನ್ನ ಇಳಸ್ರಿ," ಅಂದರು. ಸಭೆ ನಕ್ಕಿತು. ಅವರು ನಗಲಿಲ್ಲ. ಎರಡು ಕಪ್ಪನ್ನು ರುಮಾಲಿನ ಸೆರಗಿನಲ್ಲಿ ಗಂಟು ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು.